ಸೀಟಿಗೆ ಹಾಕಿದ ಟವಲ್

ಬೆಂಗಳೂರು
9-8-1988

ಸಹೋದರಿ ಉಚ್ಚಂಗಮ್ಮನವರಿಗೆ ವಂದನೆಗಳು.

ನೀವು ನನ್ನನ್ನು ನೋಡಿಲ್ಲ. ಹೊನ್ನಾಳಿಯಲ್ಲಿ ಟೀಚರ್ ಆಗಿರುವ ಅನ್ನಪೂರ್ಣಮ್ಮನ ತಮ್ಮ ನಾನು, ತಿಪ್ಪೇರುದ್ರಸ್ವಾಮಿ. ಹುಟ್ಟಿದ್ದು ನಿಮ್ಮ ಜಗಳೂರಿನಲ್ಲೇ. ಹಗಲು ಔಷಧಿ ಅಂಗಡಿಯಲ್ಲಿ ಕೆಲಸ, ಸಂಜೆ ನಾಟಕ ಬರೆಯುವ ಚಟ.

ಈಗ ಟೀವಿಗೆ ಬರೆಯುವ ಅವಕಾಶ ಬಂದಿದೆ. ವಾರಕ್ಕೊಂದು ಕಥೆ, ಒಟ್ಟು ಹದಿಮೂರು. ಏಳನೆಯದು ನನ್ನ ಪಾಲಿಗೆ ಬಿದ್ದಿದೆ. ಗಂಡಸೊಬ್ಬ ಬೆನ್ನು ಹತ್ತಿದಾಗ ಹೆಣ್ಣುಮಗಳು ಪಡುವ ಪಾಡು ಅದರ ವಿಷಯ. ನಾನು ಬರೆದದ್ದನ್ನು ನಿರ್ದೇಶಕರು ಓದಿ, "ಇದನ್ನ ಸಿನಿಮಾ ನೋಡ್ಕೊಂಡು ಬರೆದಿದೀರಿ. ಯಾರಾದ್ರೂ ಹೆಂಗಸರನ್ನ ಕೇಳಿದ್ರಾ?" ಎಂದು ಕಾಗದ ವಾಪಸು ಕೊಟ್ಟರು. ನಿಜವಾಗಿಯೂ ಯಾರನ್ನೂ ಕೇಳಿರಲಿಲ್ಲ.

ಎರಡು ವರ್ಷದ ಹಿಂದೆ ಚನ್ನಗಿರಿಯಲ್ಲಿ ಯಾರದೋ ಕಾಟ ತಾಳಲಾರದೆ ನೀವು ಕೆಲಸ ಬಿಟ್ಟು ಬಂದಿರಂತೆ. ನಿಮ್ಮನ್ನು ಹೊನ್ನಾಳಿಯ ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಕೆಲಸಕ್ಕೆ ಸೇರಿಸಿದ್ದು ತಾನೇ ಎಂದು ಅಕ್ಕ ಹೇಳಿದಳು. ಆತ ಯಾರು ಎಂದು ಅವಳಿಗೂ ಗೊತ್ತಿಲ್ಲವಂತೆ. ನಿಮಗೆ ನೋವಾಗದಷ್ಟು ಬರೆದು ತಿಳಿಸಿದರೆ ಉಪಕಾರವಾಗುತ್ತದೆ.

ಇಂತು,
ತಿಪ್ಪೇರುದ್ರಸ್ವಾಮಿ


ನ್ಯಾಮತಿ
17-8-1988

ಸ್ವಾಮಿಯವರಿಗೆ ನಮಸ್ಕಾರಗಳು.

ನಿಮ್ಮ ಅಕ್ಕನವರ ಋಣ ನನ್ನ ಮೇಲಿದೆ. ಅದಕ್ಕಾಗಿ ಬರೆಯುತ್ತೇನೆ, ಆದರೆ ಷರತ್ತಿನ ಮೇಲೆ. ನನ್ನ ಹೆಸರು ಎಲ್ಲೂ ಬರಬಾರದು. ನಾನು ನ್ಯಾಮತಿಯಲ್ಲಿ ಮನೆ ಮಾಡಿಕೊಂಡು ದಿನಾ ಬಸ್ಸಿನಲ್ಲಿ ಹೊನ್ನಾಳಿಗೆ ಹೋಗಿ ಬರುವ ವಿಷಯ ಯಾರಿಗೂ ತಿಳಿಯಬಾರದು. ಜಗಳೂರಿನಲ್ಲಿರುವ ನನ್ನ ಅವ್ವನಿಗೂ ಈ ಕಥೆ ಗೊತ್ತಿಲ್ಲ. ಕೂಲಿ ಮಾಡಿ ನನ್ನನ್ನು ಎಸ್ಸೆಲ್ಸಿ ಓದಿಸಿದವಳು. ತಿಳಿದ ದಿನವೇ ಬಂದು ಕರೆದುಕೊಂಡು ಹೋಗುತ್ತಾಳೆ, ಅಲ್ಲಿಗೆ ನನ್ನ ದುಡಿಮೆ ಮುಗಿಯಿತು.

ಆಗ ನಾನು ಬಸವಾಪಟ್ಟಣದಲ್ಲಿದ್ದೆ. ಅಲ್ಲಿಯೂ ಟೈಪಿಂಗ್ ಹೇಳಿಕೊಡುವ ಕೆಲಸವೇ, ದಿನಾ ಚನ್ನಗಿರಿಗೆ ಬಸ್ಸು. ಸೀಟು ಹಿಡಿಯಲು ಕಿಟಕಿಯಿಂದ ಟವಲ್ ಹಾಕುವುದು ನಿಮಗೂ ಗೊತ್ತಲ್ಲ. ಒಂದು ಬೆಳಿಗ್ಗೆ ಎರಡನೇ ಸಾಲಿನ ಕಿಟಕಿ ಪಕ್ಕದ ಸೀಟಿನ ಮೇಲೆ ನೀಲಿ ಅಂಚಿನ ಬಿಳಿ ಟವಲ್ ಇತ್ತು. ಕಂಡಕ್ಟರ್ "ನಿಮಗೇ ಹಾಕ್ಯಾರೆ, ಕುಂದರ್ರಿ" ಅಂದ. ಯಾರೋ ಪುಣ್ಯಾತ್ಮರು ಎಂದುಕೊಂಡು ಕುಳಿತೆ. ಸಂಜೆ ವಾಪಸು ಬರುವಾಗಲೂ ಇತ್ತು. ಮರುದಿನವೂ ಇತ್ತು. ಹನ್ನೊಂದು ತಿಂಗಳು, ನಾನು ಯಾವ ಬಸ್ಸು ಹತ್ತಿದರೂ ಅದು ನನಗಿಂತ ಮೊದಲು ಹತ್ತಿರುತ್ತಿತ್ತು. ಒಂದು ಭಾನುವಾರ ನನ್ನ ವಿದ್ಯಾರ್ಥಿನಿಯರ ಜೊತೆ ಸೂಳೆಕೆರೆ ನೋಡಲು ಹೋದೆ. ಹೋಗುತ್ತೇನೆಂದು ಬೇರೆ ಯಾರಿಗೂ ಹೇಳಿರಲಿಲ್ಲ. ಬರುವಾಗ ಬಸ್ಸಿನಲ್ಲಿ ಟವಲ್ ಕಾಯುತ್ತಿತ್ತು.

ಟವಲ್ ಹಾಕಿಸುವವನು ಯಾರೆಂದು ಬೇಗನೆ ತಿಳಿಯಿತು. ಆತ ಮಾತಾಡಿಸಲಿಲ್ಲ, ಮುಟ್ಟಲಿಲ್ಲ, ಪಕ್ಕದಲ್ಲಿ ಕೂರಲೂ ಇಲ್ಲ. ನೋಡುತ್ತಿದ್ದ, ಅಷ್ಟೆ. ಸ್ಟೇಷನ್ನಿಗೆ ಹೋಗಿ ಏನೆಂದು ಬರೆಸಲಿ ಹೇಳಿ, ನನಗೆ ಸೀಟು ಹಿಡಿದ ಎಂದೇ?

ಆತನ ಹೆಸರು, ಕೆಲಸ ಕೇಳಬೇಡಿ. ಬರೆಯಲು ಹೋದರೆ ಕೈ ನಡುಗುತ್ತದೆ. ಟೈಪಿಂಗ್ ಹೇಳಿಕೊಡುವವಳಿಗೆ ಕೈ ನಡುಗಿದರೆ ಹೊಟ್ಟೆಪಾಡು ಹೋದ ಹಾಗೆ.

ಉಚ್ಚಂಗಮ್ಮ


ಬೆಂಗಳೂರು
24-8-1988

ಸಹೋದರಿಯವರಿಗೆ,

ನಿಮ್ಮ ಪತ್ರ ಮೂರು ಸಲ ಓದಿದೆ. ಟವಲ್ಲಿನ ಸಂಗತಿ ನಿರ್ದೇಶಕರಿಗೆ ಬಹಳ ಹಿಡಿಸಿತು. ಆದರೆ ಅವರದೊಂದು ತಕರಾರು. "ಸೀಟು ಹಿಡಿದ್ರೆ ನೋಡೋರಿಗೆ ಭಯ ಆಗಲ್ಲ, ಅಯ್ಯೋ ಪಾಪ ಒಳ್ಳೇ ಮನುಷ್ಯ ಅಂತಾರೆ" ಎನ್ನುತ್ತಾರೆ. ಟವಲ್ಲನ್ನು ಕೆಂಪು ಬಣ್ಣದ್ದು ಮಾಡುತ್ತಾರಂತೆ. ಕಿರುಮೀಸೆಯ ಪುಂಡ ನಟನೊಬ್ಬನನ್ನು ಗೊತ್ತು ಮಾಡಿದ್ದಾರೆ. ಆತ ಒಮ್ಮೆಯಾದರೂ ಕೈ ಹಿಡಿದು ಎಳೆಯಬೇಕು ಎಂಬುದು ಅವರ ಹಟ.

ಅಂಥದ್ದು ಏನಾದರೂ ನಡೆದು, ನೀವು ಸಂಕೋಚದಿಂದ ಬರೆದಿಲ್ಲವೇ? ಇನ್ನೊಂದು ಮಾತು, ತಪ್ಪು ತಿಳಿಯಬೇಡಿ. ಆತನಿಗೆ ನಿಮ್ಮ ಮೇಲೆ ನಿಜವಾದ ಪ್ರೀತಿ ಇದ್ದಿರಬಹುದೇ? ಹೇಳಲು ಬಾಯಿ ಬಾರದವನು ಟವಲ್ಲಿನಲ್ಲಿ ಹೇಳಿರಬಹುದು. ಹಾಗಿದ್ದರೆ ಕಥೆಗೆ ಇನ್ನೊಂದು ಮಗ್ಗುಲು ಬರುತ್ತದೆ.

ತಿಪ್ಪೇರುದ್ರಸ್ವಾಮಿ


ನ್ಯಾಮತಿ
1-9-1988

ಸ್ವಾಮಿಯವರಿಗೆ,

ಮಗ್ಗುಲು ಬೇಕೇ ನಿಮಗೆ? ಬರೆದುಕೊಳ್ಳಿ.

ಏಳೆಂಟು ತಿಂಗಳಾದ ಮೇಲೆ ಒಂದು ಸಂಜೆ ಚನ್ನಗಿರಿಯಲ್ಲಿ ಬಸ್ಸು ಹತ್ತಿದವಳು ಆ ಸೀಟಿನಲ್ಲಿ ಕೂರಲಿಲ್ಲ. ಹಿಂದೆ ಹೋಗಿ ಸಂತೆಗೆ ಬಂದಿದ್ದ ಹೆಂಗಸರ ನಡುವೆ ಇರುಕಿಕೊಂಡೆ. ಹೊರಡುವ ಹೊತ್ತಾಯಿತು. ಡ್ರೈವರ್ ಕೆಳಗೆ ಯಾರನ್ನೋ ನೋಡಿ ಇಂಜಿನ್ ನಿಲ್ಲಿಸಿದ. ಹತ್ತು ನಿಮಿಷ, ಹದಿನೈದು ನಿಮಿಷ. ಜನ ಗೊಣಗಿದರು. ಕಂಡಕ್ಟರ್ ನನ್ನ ಕಡೆ ತಿರುಗಿ, "ಅವ್ರು ಕುಂತ್ರೆ ಹೊಲ್ಡ್ತೈತೆ" ಅಂದ. ಆಮೇಲೆ ಇಡೀ ಬಸ್ಸು ನನ್ನ ಮೇಲೆ ಬಿತ್ತು. "ಹಾಕಿದ ಸೀಟ್ನಾಗೆ ಕುಂತ್ರೆ ನಿನ್ನ ಗಂಟೇನು ಹೋಗ್ತೈತವ್ವಾ", "ಮನೀಗೆ ಹೋಗಿ ಎಮ್ಮಿ ಹಿಂಡ್ಬೇಕು ನಾವು", "ಗಂಡ ಹೆಂಡ್ತಿ ಜಗಳ ಬಸ್ನಾಗೆ ಯಾಕೆ?" ನನಗೆ ಮದುವೆಯೇ ಆಗಿರಲಿಲ್ಲ. ಊರು ಮಾಡಿ ಮುಗಿಸಿತ್ತು.

ಎದ್ದು ಹೋಗಿ ಕುಳಿತೆ. ಬಸ್ಸು ಹೊರಟಿತು. ಬಸವಾಪಟ್ಟಣ ಬರುವವರೆಗೂ ಆ ಟವಲ್ಲಿನಿಂದ ಸೋಪಿನ ವಾಸನೆ ಬರುತ್ತಿತ್ತು. ಅದು ದಿನಾ ಹೊಸದಾಗಿ ಒಗೆದಿರುತ್ತಿತ್ತು. ಕೆಂಪಲ್ಲ, ಬಿಳಿ. ಕೈ ಹಿಡಿದು ಎಳೆದಿದ್ದರೆ ಕಿರುಚಬಹುದಿತ್ತು ಸ್ವಾಮಿ, ನಾಲ್ಕು ಜನ ಬಿಡಿಸಲು ಬರುತ್ತಿದ್ದರು. ಆತ ನನಗೆ ಕಿರುಚಲು ಏನನ್ನೂ ಉಳಿಸಲಿಲ್ಲ. ಇದಕ್ಕೆ ಪ್ರೀತಿ ಎಂದು ಹೆಸರಿಡುವುದಾದರೆ ದಯವಿಟ್ಟು ನನಗೆ ಪತ್ರ ಬರೆಯಬೇಡಿ.

ಉಚ್ಚಂಗಮ್ಮ


ಬೆಂಗಳೂರು
14-9-1988

ಸಹೋದರಿಯವರಿಗೆ,

ನಿಮ್ಮ ಕೋಪ ನ್ಯಾಯವಾದದ್ದು, ನನ್ನ ತಲೆ ತಗ್ಗಿದೆ. ಬಸ್ಸು ನಿಂತ ದೃಶ್ಯವನ್ನು ನೀವು ಹೇಳಿದ ಹಾಗೆಯೇ ಬರೆದೆ. ಓದಿದ ನಿರ್ದೇಶಕರು ತಾವೇ ಪೆನ್ನು ತೆಗೆದು ಹಳೆಯ ದೃಶ್ಯ ಹೊಡೆದುಹಾಕಿದರು. ಕೈ ಎಳೆಯುವುದು ಬಿಟ್ಟುಹೋಯಿತು, ಟವಲ್ಲೂ ಬಿಳಿಯಾಯಿತು.

ಇನ್ನು ಮುಂದೆ ಕಲ್ಪನೆಯಿಂದ ಒಂದು ಸಾಲೂ ಬರೆಯಬಾರದು ಎಂದುಕೊಂಡು, ಮೊನ್ನೆ ಎರಡು ದಿನ ರಜೆ ಹಾಕಿ ಚನ್ನಗಿರಿಗೇ ಹೋಗಿ ಬಂದೆ. ಬಸವಾಪಟ್ಟಣದ ಬಸ್ಸಿನಲ್ಲಿ ನಾಲ್ಕು ಸಲ ಓಡಾಡಿದೆ. ಕಿರುಮೀಸೆಯ ಪುಂಡರು ಯಾರಾದರೂ ಕಾಣುತ್ತಾರೋ ಎಂದು ಕಣ್ಣಿಟ್ಟಿದ್ದೆ, ಅಂಥವರು ಕಾಣಲಿಲ್ಲ.

ಸ್ಟ್ಯಾಂಡಿನ ಏಜೆಂಟರು ಬಹಳ ಸಹಾಯ ಮಾಡಿದರು. ಬಸ್ಸು ಬಂದ ಹೊತ್ತು, ಬಿಟ್ಟ ಹೊತ್ತು ಬರೆದುಕೊಳ್ಳುವ ರೇವಣ್ಣ ಎನ್ನುವವರು. ನಲವತ್ತರ ಪ್ರಾಯ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಮೃದು ಮಾತು. ಎಲ್ಲರೂ ಅಣ್ಣಾರೇ ಎನ್ನುತ್ತಾರೆ. ಈ ದಾರಿಯಲ್ಲಿ ಹೆಣ್ಣುಮಕ್ಕಳಿಗೆ ತೊಂದರೆ ಕೊಡುವವರುಂಟೇ ಎಂದು ಕೇಳಿದೆ. "ನಮ್ಮ ಸ್ಟ್ಯಾಂಡ್ನಾಗೆ ಅಂಥಾವೆಲ್ಲ ನಡಿಯಾಕೆ ಬಿಡಲ್ಲ ಸಾರ್, ನಾವು ಅದೀವಲ್ಲ" ಅಂದರು. ಹೊರಡುವಾಗ ಬಸ್ಸು ಗಿಜಿಗುಡುತ್ತಿತ್ತು. "ಫೈಲ್ ಕೊಡ್ರಿ ಇಲ್ಲಿ, ಕಿಟಕಿ ಸೀಟಿಗೆ ಹಾಕ್ತೀನಿ. ನೀವು ಹೋಗಿ ಟೀ ಕುಡ್ಕಂಡು ಬರ್ರಿ" ಎಂದು ತಾವೇ ಹತ್ತಿ ಇಟ್ಟರು. ನೆಮ್ಮದಿಯಾಗಿ ಟೀ ಕುಡಿದು ಇಪ್ಪತ್ತು ನಿಮಿಷ ಬಿಟ್ಟು ಬಂದರೂ ಸೀಟು ಹಾಗೇ ಇತ್ತು. ನಿಮ್ಮ ಕಾಲದಲ್ಲಿ ಇಂಥವರ ಹತ್ತಿರ ಹೇಳಿಕೊಳ್ಳಬೇಕಿತ್ತು ನೀವು.

ತಿಪ್ಪೇರುದ್ರಸ್ವಾಮಿ


ನ್ಯಾಮತಿ
19-9-1988

ಆ ಫೈಲಿನಲ್ಲಿ ನನ್ನ ಪತ್ರಗಳಿದ್ದವೇ? ಬೇರೆ ಏನೂ ಬರೆಯಬೇಡಿ. ಇದ್ದವೋ ಇಲ್ಲವೋ, ಅಷ್ಟು ತಿಳಿಸಿ.

ಉ.


ಬೆಂಗಳೂರು
23-9-1988

ಉಚ್ಚಂಗಮ್ಮನವರಿಗೆ,

ಇದ್ದವು. ನಿಮ್ಮ ಚೀಟಿ ನೋಡಿದ ಕೂಡಲೇ ಫೈಲು ಬಿಚ್ಚಿದೆ. ಎರಡೂ ಪತ್ರಗಳಿವೆ. ಎರಡನೆಯದರ ಕವರ್ ಇಲ್ಲ. ನೀವು ಕವರಿನ ಮೇಲೆ ವಿಳಾಸ ಬರೆದಿರಲಿಲ್ಲ, ಆದರೆ ನ್ಯಾಮತಿಯ ಅಂಚೆ ಮುದ್ರೆ ಇತ್ತು. ಪತ್ರದ ತಲೆಯಲ್ಲೂ ಊರಿನ ಹೆಸರಿದೆ. ಮೊದಲ ಪತ್ರದಲ್ಲಿ ಹೊನ್ನಾಳಿಯ ಬಸ್ಸಿನ ಮಾತೂ ಇದೆ.

ರೇವಣ್ಣನೇ ಎಂದು ಕೇಳುವ ಧೈರ್ಯ ನನಗಿಲ್ಲ. ಅಲ್ಲ ಎಂದು ಒಂದು ಸಾಲು ಬರೆಯಿರಿ, ನಿಮ್ಮ ಕಾಲಿಗೆ ಬೀಳುತ್ತೇನೆ.

ಸ್ವಾಮಿ


ಬೆಂಗಳೂರು
8-10-1988

ಉಚ್ಚಂಗಮ್ಮನವರಿಗೆ,

ಹದಿನೈದು ದಿನವಾಯಿತು, ನಿಮ್ಮಿಂದ ಉತ್ತರವಿಲ್ಲ. ಅಕ್ಕನಿಗೆ ಬರೆದೆ. ನೀವು ದಿನಾ ಕೆಲಸಕ್ಕೆ ಬರುತ್ತಿದ್ದೀರಿ, ಆದರೆ ಮೊದಲಿನ ಹಾಗೆ ಮಾತಾಡುವುದಿಲ್ಲ ಎಂದು ತಿಳಿಸಿದಳು. ನೀವು ಕೆಲಸಕ್ಕೆ ಬರುತ್ತಿದ್ದೀರಿ ಎಂಬ ಒಂದು ಮಾತಿಗೆ ಎಷ್ಟು ಸಲ ದೇವರಿಗೆ ಕೈ ಮುಗಿದೆನೋ ನನಗೇ ಗೊತ್ತಿಲ್ಲ.

ಚಿತ್ರೀಕರಣ ಆರಂಭವಾಗಿದೆ. ಬೇಡವೆಂದರೆ ನಿಲ್ಲಿಸಲು ಹೇಳುತ್ತೇನೆ, ನನ್ನ ಮಾತು ನಡೆಯುತ್ತದೆಯೋ ಇಲ್ಲವೋ. ಕೊನೆಯಲ್ಲಿ ಹುಡುಗಿ ಆ ಊರು ಬಿಟ್ಟು ದೂರದ ಊರಿಗೆ ಹೋಗಿ ನೆಮ್ಮದಿಯಾಗಿರುತ್ತಾಳೆ. ನೀವು ಮಾಡಿದ ಹಾಗೆಯೇ.

ಸ್ವಾಮಿ


ನ್ಯಾಮತಿ
5-11-1988

ಸ್ವಾಮಿಯವರಿಗೆ,

ಒಂದು ತಿಂಗಳು ಏನೂ ಆಗಲಿಲ್ಲ. ದಿನಾ ಬೆಳಿಗ್ಗೆ ಬಸ್ಸು ಹತ್ತುವ ಮೊದಲು ಕೆಳಗೆ ನಿಂತು ಎರಡನೇ ಸಾಲು ನೋಡುತ್ತಿದ್ದೆ. ಕವರ್ ಎಲ್ಲೋ ಹಾರಿಹೋಗಿರಬೇಕು, ಆತ ನನ್ನನ್ನು ಮರೆತಿರಬೇಕು ಎಂದು ನಂಬತೊಡಗಿದ್ದೆ.

ಅಕ್ಟೋಬರ್ 24ರಂದು ಟವಲ್ ಬಂತು. ಬಿಳಿ, ನೀಲಿ ಅಂಚು. ಆತ ಬಂದಿರಲಿಲ್ಲ. ಬರುವ ಅಗತ್ಯವೂ ಇಲ್ಲ. ಈ ಬಸ್ಸಿನವರಿಗೂ ಆ ಬಸ್ಸಿನವರಿಗೂ ದಿನಾ ಮಾತಿದೆ, ಔಷಧಿ, ಪಾರ್ಸಲ್ ಎಲ್ಲ ಕೈಯಿಂದ ಕೈಗೆ ಹೋಗುತ್ತವೆ. ಕಂಡಕ್ಟರ್ ಬೈಲಪ್ಪ ಹಲ್ಲು ಬಿಟ್ಟು, "ಚನ್ನಗಿರಿ ಅಣ್ಣಾರು ಹೇಳಿ ಕಳ್ಸ್ಯಾರೆ. ನಮಗೆ ಗೊತ್ತೇ ಇರ್ಲಿಲ್ಲ ನೋಡ್ರಿ ಮೇಡಂ" ಅಂದ. ಒಳ್ಳೆಯವನು ಪಾಪ, ನನಗೆ ಉಪಕಾರ ಮಾಡುತ್ತಿದ್ದೇನೆ ಎಂದುಕೊಂಡಿದ್ದ.

ನಾನು ಹತ್ತಲಿಲ್ಲ. ಅವತ್ತಿನಿಂದ ಮನೆಯಲ್ಲೇ ಇದ್ದೇನೆ. ಈ ತಿಂಗಳ ಕೊನೆಯವರೆಗೆ ಕಾಯುತ್ತೇವೆ, ಆಮೇಲೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಇನ್‌ಸ್ಟಿಟ್ಯೂಟಿನವರು ಹೇಳಿ ಕಳಿಸಿದ್ದಾರೆ. ನನಗೆ ಮೈ ಹುಷಾರಿಲ್ಲ, ಬಂದು ಕರೆದುಕೊಂಡು ಹೋಗು ಎಂದು ಅವ್ವನಿಗೆ ಬರೆದಿದ್ದೇನೆ. ಟ್ರಂಕು ಕಟ್ಟಿ ಇಟ್ಟಾಗಿದೆ.

ಹೌದು, ರೇವಣ್ಣನೇ. ಆತನ ಹೆಸರು ಮೊದಲೇ ಬರೆದಿದ್ದರೆ ಹೀಗಾಗುತ್ತಿರಲಿಲ್ಲ. ಆ ಪಾಲು ನನ್ನದು. ಉಳಿದದ್ದು ನಿಮ್ಮದು.

ಉಚ್ಚಂಗಮ್ಮ


ಬೆಂಗಳೂರು
11-11-1988

ಉಚ್ಚಂಗಮ್ಮನವರಿಗೆ,

ನಿಮ್ಮ ಪಾಲು ಎನ್ನುವುದು ಏನೂ ಇಲ್ಲ. ಇಷ್ಟು ದಿನ ಮುಚ್ಚಿಟ್ಟದ್ದನ್ನು ಈಗ ಹೇಳುತ್ತೇನೆ. ಚನ್ನಗಿರಿಯಲ್ಲಿ ನಾನು ಟೀವಿ ಕಥೆಯ ವಿಷಯವನ್ನು ಜಂಬದಿಂದ ರೇವಣ್ಣನ ಮುಂದೆ ಹೇಳಿಕೊಂಡೆ. ಈ ದಾರಿಯಲ್ಲಿ ನಡೆದ ನಿಜವಾದ ಕಥೆ ಅಂದೆ. ಆತ "ಆ ಹುಡುಗಿ ಈಗ ಚೆನ್ನಾಗೈತಾ ಸಾರ್?" ಎಂದು ಕೇಳಿದ. ಅವನ ಕಣ್ಣು ಒದ್ದೆಯಾಗಿತ್ತು. ಎಂಥ ಕರುಣೆ ಎಂದು ಕರಗಿಹೋಗಿ, "ಚೆನ್ನಾಗಿದಾರೆ, ಟೈಪಿಂಗ್ ಹೇಳಿಕೊಡ್ತಿದಾರೆ" ಎಂದೆ. ಫೈಲು ಕೊಡಿ ಎಂದು ಆತ ಕೇಳಿದ್ದು ಆಮೇಲೆ.

ಕೊನೆಯನ್ನು ಬದಲಾಯಿಸೋಣ, ಓಡಿಹೋದರೂ ತಪ್ಪಿಸಿಕೊಳ್ಳಲು ಆಗುವುದಿಲ್ಲ ಎಂದು ತೋರಿಸೋಣ ಎಂದು ನಿರ್ದೇಶಕರಲ್ಲಿ ಗೋಗರೆದೆ. ಎಲ್ಲ ಮುಗಿದಿದೆ, ಇನ್ನು ಕೈ ಹಚ್ಚಲಾಗದು ಎಂದರು. 25ನೇ ತಾರೀಖು ಶುಕ್ರವಾರ ಸಂಜೆ ಬರುತ್ತದೆ. ನೀವು ನೋಡಬೇಡಿ. ನಾನೂ ನೋಡುವುದಿಲ್ಲ.

ಸ್ವಾಮಿ


ನ್ಯಾಮತಿ
12-12-1988

ಸ್ವಾಮಿಯವರಿಗೆ,

ನೋಡಿದೆ. ಮನೆ ಒಡತಿ ಕರಿಬಸಮ್ಮನವರ ನಡುಮನೆಯಲ್ಲಿ ಓಣಿಯ ಹೆಂಗಸರೆಲ್ಲ ಸೇರಿದ್ದರು. ಅವ್ವ ಜಗಳೂರಿನಿಂದ ಬಂದು ಮೂರು ದಿನವಾಗಿತ್ತು. ಮರುದಿನ ಬೆಳಿಗ್ಗೆ ಊರಿಗೆ ಹೊರಡುವುದೆಂದು ನಿಶ್ಚಯವಾಗಿತ್ತು. ಟೀವಿ ನೋಡುವುದು ಅವ್ವನಿಗೆ ಅದೇ ಮೊದಲು, ಎಲ್ಲರಿಗಿಂತ ಮುಂದೆ ಕುಳಿತಿದ್ದಳು.

ನಿಮ್ಮ ಬರವಣಿಗೆ ಚೆನ್ನಾಗಿತ್ತು. ಬಸ್ಸು ನಿಲ್ಲುವ ದೃಶ್ಯ ಬಂದಾಗ ಎಲ್ಲರೂ ಟೀವಿಯ ಹತ್ತಿರಕ್ಕೆ ಸರಿದರು. ಆ ಹುಡುಗಿ ಎದ್ದು ಹೋಗಿ ಟವಲ್ ಹಾಕಿದ ಸೀಟಿನಲ್ಲಿ ಕುಳಿತಳು. ಅವ್ವ ತೊಡೆ ತಟ್ಟಿಕೊಂಡು ಹೇಳಿದಳು: "ತಪ್ಪು ಈಕೀದೇ. ಯಾರೋ ಹಾಕಿದ್ ಸೀಟ್ನಾಗೆ ಹೋಗಿ ಕುಂತ್ಳಲ್ಲ, ಆಸೆ ಇಲ್ದೆ ಕುಂತ್ಳಾ?" ನಾಲ್ಕು ಜನ ಹೌದು ಹೌದು ಅಂದರು. ಕೊನೆಗೆ ಹುಡುಗಿ ಪೆಟ್ಟಿಗೆ ಹಿಡಿದು ಊರು ಬಿಟ್ಟಳು, ಗಾಳಿಗೆ ಕೂದಲು ಹಾರಿತು, ಹಾಡು ಬಂತು. "ಸದ್ಯ, ಹೋಗಿ ಬದುಕ್ಕಂಡ್ಲು" ಎಂದು ಕರಿಬಸಮ್ಮ ಕಣ್ಣೊರೆಸಿಕೊಂಡರು.

ನನಗೆ ಏನಾಯಿತೋ ತಿಳಿಯದು. ಅಷ್ಟು ಜನರ ನಡುವೆ, "ಅವ್ವಾ, ಆ ಹುಡುಗಿ ನಾನೇ" ಎಂದುಬಿಟ್ಟೆ. "ನಂಗೆ ಆಸೆ ಇರ್ಲಿಲ್ಲ. ಬಸ್ಸು ಹೊಲ್ಡ್ಲಿಲ್ಲ, ಅದ್ಕೆ ಕುಂತೆ. ಅವ್ನು ಇಲ್ಲಿಗೂ ಟವಲ್ ಕಳ್ಸ್ಯಾನೆ. ಮೈ ಹುಷಾರಿಲ್ಲ ಅಂದಿದ್ದು ಸುಳ್ಳು."

ಯಾರೋ ಟೀವಿ ಆರಿಸಿದರು. ಅವ್ವ ನನ್ನ ಮುಖ ನೋಡಲಿಲ್ಲ. ಮನೆಗೆ ಬಂದು ಉಣ್ಣದೆ ಗೋಡೆ ಕಡೆ ತಿರುಗಿ ಮಲಗಿದಳು. ತಾನು ಆಡಿದ ಮಾತಿಗೆ ಅವಳು ಎಷ್ಟು ನೊಂದಿದ್ದಳೆಂದು ನನಗೆ ಆಗ ತಿಳಿಯಲಿಲ್ಲ, ನನ್ನ ಮೇಲೆ ಅಸಹ್ಯಪಟ್ಟಿದ್ದಾಳೆ ಎಂದುಕೊಂಡೆ. ಬೆಳಿಗ್ಗೆ ಎದ್ದು ಟ್ರಂಕಿಗೆ ಕೈ ಹಾಕಿದೆ. "ಅದನ್ನಲ್ಲಿಡು. ನಿನ್ನ ಕೆಲಸದ ಬಸ್ಸು ಎಷ್ಟೊತ್ತಿಗೆ?" ಅಂದಳು.

ಬಸ್ಸು ತುಂಬಿತ್ತು. ನಿಲ್ಲಲೂ ಜಾಗವಿರಲಿಲ್ಲ, ಆದರೂ ಎರಡನೇ ಸಾಲಿನ ಕಿಟಕಿ ಸೀಟು ಖಾಲಿ. ನಾನು ಬಾರದ ಅಷ್ಟೂ ದಿನ ಅದು ಹಾಗೇ ಖಾಲಿ ಹೋಗಿ ಬರುತ್ತಿತ್ತಂತೆ. ಹಾಕಿದ ಟವಲ್ ಯಾರೂ ತೆಗೆಯುವುದಿಲ್ಲವಲ್ಲ. ಅವ್ವ ಅದನ್ನು ಎತ್ತಿ ಹಿಡಿದು, "ಯಾರ್ದಪ್ಪಾ ಇದು?" ಎಂದು ಕೇಳಿದಳು. ಇನ್ನೊಮ್ಮೆ ಜೋರಾಗಿ ಕೇಳಿದಳು. ಬೈಲಪ್ಪ ಬಂದು, "ಅದು ಮೇಡಮ್ಮಾರಿಗೆ ಹಾಕಿದ್ದಜ್ಜೀ" ಅಂದ.

"ಮೇಡಮ್ಮು ನನ್ನ ಮಗಳು. ಆಕಿ ಹಾಕು ಅಂದಿದ್ಲಾ?"

ಬೈಲಪ್ಪ ನನ್ನ ಮುಖ ನೋಡಿದ. ಇಡೀ ಬಸ್ಸು ನೋಡಿತು. ಹನ್ನೊಂದು ತಿಂಗಳು ಚನ್ನಗಿರಿಯಲ್ಲಿ ಯಾರೂ ನನ್ನನ್ನು ಈ ಪ್ರಶ್ನೆ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. "ಇಲ್ಲ. ನಾನು ಅಂದಿಲ್ಲ. ನಂಗೆ ಬೇಡ" ಅಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ.

ಅವ್ವ ಟವಲ್ಲನ್ನು ಮಡಚಿ ಮಗ್ಗುಲಿಗೆ ಇಟ್ಟು ತಾನೇ ಆ ಸೀಟಿನಲ್ಲಿ ಕುಳಿತಳು. ಕುಳಿತವಳು ಮುಂದಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಮಂದಿ ಹಾಕಿದ ಸೀಟಿನಲ್ಲಿ ಅವಳು ಹುಟ್ಟಿದಾರಭ್ಯ ಕುಳಿತವಳಲ್ಲ, ಖಾಲಿ ಸೀಟಿನಲ್ಲಿ ಕೂರಲೂ ಹಿಂದೆ ಮುಂದೆ ನೋಡುವವಳು. "ಅಜ್ಜೀ, ಅಣ್ಣಾರು ಬೇಜಾರಾಗ್ತಾರೆ" ಎಂದು ಬೈಲಪ್ಪ ಮೆಲ್ಲಗೆ ಅಂದ. "ಹಾಕಿದೋನು ಬಂದು ಎಬ್ಬಿಸ್ಲಿ. ಜಗಳೂರಿಂದ ಬಂದೀನಿ, ಕುಂತ್ಕಂಡೇ ಕಾಯ್ತೀನಿ. ನೀನು ಬಸ್ಸು ಬಿಡು" ಅಂದಳು. ಅವನು ತಾನೇ ಟವಲ್ ಎತ್ತಿಕೊಂಡು ಚೀಲಕ್ಕೆ ತುರುಕಿ ಸೀಟಿ ಊದಿದ. ಬಸ್ಸು ಹೊರಟಿತು. ಯಾರೂ ಗೊಣಗಲಿಲ್ಲ.

ಸೋಮವಾರವೂ ಟವಲ್ ಇತ್ತು, ಮಂಗಳವಾರವೂ ಇತ್ತು. ಅವ್ವ ದಿನಾ ಬಂದಳು, ಟವಲ್ ಯಾರದೆಂದು ಕೇಳಿದವರಿಗೆಲ್ಲ ರೇವಣ್ಣನ ಹೆಸರು ಹೇಳಿದಳು. ನಾನು ಟೈಪಿಂಗ್ ಹೇಳಿಕೊಡುವಾಗ ಹೊನ್ನಾಳಿ ಸ್ಟ್ಯಾಂಡಿನಲ್ಲಿ ಎಲೆ ಅಡಿಕೆ ಹಾಕಿಕೊಂಡು ಕುಳಿತು, ಸಂಜೆ ನನ್ನ ಜೊತೆ ವಾಪಸು. ಓಣಿಯ ಹೆಂಗಸರಲ್ಲಿ ಇಬ್ಬರು ಮೂವರು ಒಂದೊಂದು ದಿನ ಜೊತೆಗೆ ಬಂದರು. ಬುಧವಾರ ಬೈಲಪ್ಪ, "ಇನ್ಮ್ಯಾಲೆ ಕಳಿಸ್ಬ್ಯಾಡ್ರಿ ಅಂತ ಹೇಳೀನಿ ಮೇಡಂ" ಅಂದ. ಗುರುವಾರದಿಂದ ಟವಲ್ ಬರಲಿಲ್ಲ. ಆತ ಒಂದು ದಿನ ತಾನೇ ಬಂದಾನು ಎಂಬ ಹೆದರಿಕೆ ನನಗೆ ಈಗಲೂ ಇದೆ. ಆದರೆ ಈಗ ಈ ಬಸ್ಸಿನಲ್ಲಿ ನಲವತ್ತು ಜನಕ್ಕೆ ಆತನ ಹೆಸರು ಗೊತ್ತು. ನಿಮಗೂ ಗೊತ್ತು. ಪೂರ್ತಿ ಬರೆದೆ ನೋಡಿ, ಕೈ ನಡುಗಲಿಲ್ಲ.

ನಿಮ್ಮ ಮೇಲಿನ ಸಿಟ್ಟು ಇಳಿದಿಲ್ಲ. ಇಳಿದಾಗ ತಿಳಿಸುತ್ತೇನೆ.

ಅವ್ವ ನಿನ್ನೆ ಜಗಳೂರಿಗೆ ಹೋದಳು. ಇವತ್ತು ನಾನೊಬ್ಬಳೇ ಬಸ್ಸು ಹತ್ತಿದೆ. ಎರಡನೇ ಸಾಲಿನಲ್ಲಿ ಯಾರೋ ಮುದುಕ ಬಾಯಿ ತೆಗೆದು ನಿದ್ದೆ ಹೊಡೆಯುತ್ತಿದ್ದ. ಸೀಟು ಸಿಗಲಿಲ್ಲ ಸ್ವಾಮಿ, ಹೊನ್ನಾಳಿಯವರೆಗೂ ಕಂಬಿ ಹಿಡಿದು ನಿಂತೇ ಹೋದೆ.

ಉಚ್ಚಂಗಮ್ಮ